ಪಿಕಪ್ ಗಾಡಿಯ ಸ್ಪಾರ್ಕ್ ಪ್ಲಗ್: ಮನೆಯ ಮುಂದೆಯೇ ಬದಲಾಯಿಸಿಕೊಳ್ಳುವುದು ಹೇಗೆ

ವಾಶಿಯ ಎಪಿಎಂಸಿಯಲ್ಲಿ ಬೆಳಗಿನ ಜಾವ ತರಕಾರಿ ತುಂಬಿಕೊಂಡು ಹೊರಟ ಗಾಡಿ ಖಾಡಿ ಸೇತುವೆಯ ಏರಿನಲ್ಲಿ ಮುಗ್ಗರಿಸತೊಡಗುತ್ತದೆ. ಎಕ್ಸಲರೇಟರ್ ಒತ್ತಿದರೂ ಎಳೆಯುವುದಿಲ್ಲ. ಸ್ವಿಚ್ ಒತ್ತಿ ಪೆಟ್ರೋಲಿಗೆ ತಿರುಗಿಸಿದರೆ ಏನೂ ಆಗದವರಂತೆ ಓಡುತ್ತದೆ. ಗ್ಯಾರೇಜಿನವರ ಬಾಯಲ್ಲಿ ಇದು ‘ಮಿಸ್ಸಿಂಗ್’. ಸಿಎನ್‌ಜಿಯಲ್ಲಿ ಮಿಸ್ಸಿಂಗ್, ಪೆಟ್ರೋಲಿನಲ್ಲಿ ಸರಿ ಎಂದಾದರೆ ಮೊದಲು ಅನುಮಾನಿಸಬೇಕಾದದ್ದು ಸ್ಪಾರ್ಕ್ ಪ್ಲಗ್ಗನ್ನು. ಗ್ಯಾಸ್ ಕಿಟ್ಟಿನ ರೆಗ್ಯುಲೇಟರಿಗೆ ಕೈ ಹಾಕುವುದು ಆಮೇಲಿನ ಮಾತು.

ಕಾರಣ ಇಷ್ಟೆ. ಸಿಎನ್‌ಜಿ ಮತ್ತು ಗಾಳಿಯ ಮಿಶ್ರಣದಲ್ಲಿ ಕಿಡಿ ಹಾರಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಭಾರ ಹೊತ್ತು ಏರು ಹತ್ತುವಾಗ ಸಿಲಿಂಡರಿನೊಳಗಿನ ಒತ್ತಡವೂ ಏರುತ್ತದೆ. ಒತ್ತಡ ಏರಿದಷ್ಟೂ ಕಿಡಿ ಹಾರುವುದು ಕಷ್ಟ. ಪ್ಲಗ್ಗಿನ ತುದಿ ಸವೆದು ಗ್ಯಾಪ್, ಎಂದರೆ ಕಿಡಿ ಹಾರುವ ಸಂದು, ಅಗಲವಾಗಿದ್ದರೆ ಪ್ಲಗ್ಗಿಗೆ ವಿದ್ಯುತ್ ಕಳಿಸುವ ಕಾಯಿಲ್ ಕೊಡುವ ವೋಲ್ಟೇಜ್ ಸಾಲುವುದಿಲ್ಲ. ಸಮತಟ್ಟಿನಲ್ಲಿ ಖಾಲಿ ಓಡುವಾಗ ಚೆನ್ನಾಗಿದ್ದ ಗಾಡಿ ಖಂಡಾಲಾ ಘಾಟಿನಲ್ಲೋ, ಗೋವಾದಿಂದ ಬೆಳಗಾವಿಗೆ ಹೋಗುವ ಚೋರ್ಲಾ ಘಾಟಿನಲ್ಲೋ ಕೈಕೊಡುವುದು ಇದಕ್ಕೇ. ಎರಡೂ ಇಂಧನದಲ್ಲಿ ಒಂದೇ ಥರ ಮಿಸ್ಸಿಂಗ್ ಇದ್ದರೆ ಪ್ಲಗ್ಗಿನ ಜತೆ ಕಾಯಿಲನ್ನೂ ನೋಡಬೇಕು. ಪೆಟ್ರೋಲಿನಲ್ಲಿ ಮಾತ್ರ ಇದ್ದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕಡೆಗೆ, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಕೂತು ಹಳಸಿದ ಪೆಟ್ರೋಲಿನ ಕಡೆಗೆ ತಿರುಗಿ.

ಮಿಸ್ಸಿಂಗ್ ಗಾಡಿಯನ್ನು ‘ಇನ್ನೊಂದು ವಾರ ನಡೀಲಿ’ ಎಂದು ಓಡಿಸುವವರಿಗೆ ಒಂದು ಮಾತು: ಉರಿಯದೆ ಉಳಿದ ಇಂಧನ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಉರಿಯುತ್ತದೆ. ಆ ಶಾಖಕ್ಕೆ ಕನ್ವರ್ಟರಿನ ಒಳಗಿನ ಜೇನುಗೂಡು ಕರಗಿ ಮುಚ್ಚಿಕೊಂಡರೆ ಬರುವ ಖರ್ಚಿನ ಮುಂದೆ ಪ್ಲಗ್ಗಿನ ಬೆಲೆ ಯಾವ ಲೆಕ್ಕಕ್ಕೂ ಇಲ್ಲ.

ನಿಮ್ಮ ಗಾಡಿಗೆ ಎಷ್ಟು ಪ್ಲಗ್ಗು

ಡೀಸೆಲ್ ಪಿಕಪ್ಪಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಅದರಲ್ಲಿರುವ ಗ್ಲೋ ಪ್ಲಗ್ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಲು ಬಿಸಿ ಕೊಡುವ ಸಾಧನ. ಅದರ ಕೆಲಸವೇ ಬೇರೆ, ಬಿಚ್ಚುವ ಬಗೆಯೂ ಬೇರೆ. ಪೆಟ್ರೋಲ್ ಮತ್ತು ಸಿಎನ್‌ಜಿ ಗಾಡಿಗಳ ಪೈಕಿ ಮಾರುತಿ ಸುಜುಕಿ ಸೂಪರ್ ಕ್ಯಾರಿಗೆ ನಾಲ್ಕು ಸಿಲಿಂಡರ್, ನಾಲ್ಕು ಪ್ಲಗ್. ಟಾಟಾ ಇಂಟ್ರಾದ ಸಿಎನ್‌ಜಿ-ಪೆಟ್ರೋಲ್ ಮಾದರಿಯದು ಮೂರು ಸಿಲಿಂಡರ್. ಎಲ್ಲರೂ ‘ಛೋಟಾ ಹಾಥಿ’ ಎಂದು ಕರೆಯುವ ಟಾಟಾ ಏಸ್‌ನ ಗೋಲ್ಡ್ ಪೆಟ್ರೋಲ್ ಮಾದರಿಯದು ಎರಡೇ. ಅಂಗಡಿಗೆ ಹೋಗುವ ಮುನ್ನ ಮ್ಯಾನ್ಯುಯಲ್ ನೋಡಿ ಎಣಿಕೆ ಖಚಿತ ಮಾಡಿಕೊಳ್ಳಿ. ಒಂದನ್ನು ಬದಲಾಯಿಸಿ ಉಳಿದವನ್ನು ಹಾಗೇ ಬಿಡುವುದು ಬೇಡ. ಎಲ್ಲವೂ ಒಟ್ಟಿಗೇ ಸವೆದಿರುತ್ತವೆ.

ಮಾಮೂಲಿ ನಿಕ್ಕೆಲ್ ಪ್ಲಗ್ ಪೆಟ್ರೋಲಿನಲ್ಲಿ 30,000ದಿಂದ 40,000 ಕಿ.ಮೀ. ಬಾಳುತ್ತದೆ. ಸಿಎನ್‌ಜಿಯಲ್ಲೇ ಓಡುವ ಗಾಡಿಗೆ ಅದರ ಅರ್ಧಕ್ಕೇ, ಎಂದರೆ 20,000 ಕಿ.ಮೀ. ಸುಮಾರಿಗೆ ಬದಲಾಯಿಸುವುದು ಲೇಸು. ಇರಿಡಿಯಂ ಪ್ಲಗ್ ಇದರ ಎರಡು ಮೂರು ಪಟ್ಟು ಬಾಳುತ್ತದೆ, ಬೆಲೆಯೂ ಹಲವು ಪಟ್ಟು. ದಿನಕ್ಕೆ ನೂರೈವತ್ತು ಕಿಲೋಮೀಟರ್ ಓಡುವ ಬಾಡಿಗೆ ಗಾಡಿಗೆ ಇರಿಡಿಯಂ ಹಾಕಿದ ದುಡ್ಡು ಹುಟ್ಟುತ್ತದೆ. ಉಡುಪಿ ಹೋಟೆಲಿಗೆ ಬೆಳಿಗ್ಗೆ ಒಂದು ಟ್ರಿಪ್ ಹೊಡೆದು ನಿಲ್ಲುವ ಗಾಡಿಗೆ ನಿಕ್ಕೆಲ್ ಸಾಕು.

ಪ್ಲಗ್ ಕೊಳ್ಳುವಾಗ

ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಅಚ್ಚಾದ ನಂಬರೇ ಅದರ ಜಾತಕ. ಎನ್‌ಜಿಕೆ ಕಂಪನಿಯ ಬಿಕೆಆರ್6ಇ-11 ಎಂಬ ನಂಬರನ್ನು ಓದಿ ನೋಡೋಣ. ‘ಬಿ’ ಎಂದರೆ ಥ್ರೆಡ್ 14 ಮಿ.ಮೀ., ‘ಕೆ’ ಎಂದರೆ ಸಾಕೆಟ್ ಹಿಡಿಯುವ 16 ಮಿ.ಮೀ. ಷಟ್ಕೋನ, ‘ಆರ್’ ಎಂದರೆ ಒಳಗೆ ರೆಸಿಸ್ಟರ್ ಇದೆ, 6 ಶಾಖದ ದರ್ಜೆ, ‘ಇ’ ಎಂದರೆ ಥ್ರೆಡ್ಡಿನ ಉದ್ದ 19 ಮಿ.ಮೀ., ಕೊನೆಯ 11 ಎಂದರೆ ಗ್ಯಾಪ್ 1.1 ಮಿ.ಮೀ. ಇದು ಓದುವ ಬಗೆಗೆ ಕೊಟ್ಟ ಉದಾಹರಣೆ. ನಿಮ್ಮ ಗಾಡಿಯ ನಂಬರ್ ಮ್ಯಾನ್ಯುಯಲಿನಲ್ಲಿದೆ, ಅದನ್ನೇ ಕೇಳಿ. ಥ್ರೆಡ್ ಉದ್ದ ಹೆಚ್ಚಾದ ಪ್ಲಗ್ ಹಾಕಿದರೆ ಅದರ ತುದಿ ಪಿಸ್ಟನ್ನಿಗೆ ತಾಗಬಹುದು. ಕಡಿಮೆಯಾದರೆ ಕಿಡಿ ಗುಂಡಿಯೊಳಗೇ ಹುದುಗಿ, ಖಾಲಿ ಉಳಿದ ಥ್ರೆಡ್ಡಿನಲ್ಲಿ ಮಸಿ ಕಟ್ಟುತ್ತದೆ.

ಶಾಖದ ದರ್ಜೆಯಲ್ಲಿ ಒಂದು ಗೊಂದಲವಿದೆ. ಎನ್‌ಜಿಕೆಯಲ್ಲಿ ಅಂಕಿ ಹೆಚ್ಚಾದಷ್ಟೂ ಪ್ಲಗ್ ತಣ್ಣನೆಯದು, ಎಂದರೆ ಬೇಗ ಶಾಖ ಬಿಟ್ಟುಕೊಡುವಂಥದ್ದು. ಬಾಷ್‌ನಲ್ಲಿ ಇದು ತಿರುಗುಮುರುಗು: ಅಂಕಿ ಹೆಚ್ಚಾದಷ್ಟೂ ಬಿಸಿ. ‘6 ಇಲ್ಲ, 7 ತಗೊಳ್ಳಿ, ಎಲ್ಲಾ ಒಂದೇ’ ಎಂಬ ಮಾತಿಗೆ ತಲೆದೂಗಬೇಡಿ. ಪ್ಲಗ್ಗಿನ ತುದಿ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಮಸಿ ಸುಟ್ಟುಹೋಗದೆ ಕಟ್ಟಿಕೊಳ್ಳುತ್ತದೆ; 850 ದಾಟಿದರೆ ಕಿಡಿಗೆ ಮುಂಚೆಯೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ಹಾಳಾಗುತ್ತದೆ. ದರ್ಜೆ ಎಂಬುದು ಈ ಎರಡರ ನಡುವೆ ಹಿಡಿದಿಡುವ ಲೆಕ್ಕ.

ಪುಣೆಯವರಿಗೆ ನಾನಾ ಪೇಠ್, ಮುಂಬೈಯವರಿಗೆ ಕುರ್ಲಾದ ಸಿಎಸ್‌ಟಿ ರೋಡ್ ಬಿಡಿಭಾಗಗಳಿಗೆ ಹೆಸರಾದ ಜಾಗಗಳು. ಎಲ್ಲಿಯೇ ಕೊಂಡರೂ ನಕಲಿ ಮಾಲಿನ ಮೇಲೆ ಕಣ್ಣಿರಲಿ. ಪಿಂಗಾಣಿಯ ಅಕ್ಷರ ಉಗುರಿನಿಂದ ಕೆರೆದರೆ ಅಳಿಯಬಾರದು. ನಡುವಿನ ಎಲೆಕ್ಟ್ರೋಡಿನ ನೆತ್ತಿಗೆ ಸರಿಯಾಗಿ ಮೇಲಿನ ಬಾಗಿದ ಪಟ್ಟಿ ಕೂತಿರಬೇಕು, ಪಟ್ಟಿಯ ಬೆಸುಗೆ ಒರಟಾಗಿರಬಾರದು. ಹೊಸ ಪ್ಲಗ್ಗಿನ ವಾಷರ್ ಥ್ರೆಡ್ಡಿನಿಂದ ಕಳಚಿ ಬೀಳಬಾರದು. ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ತಲೆಯಿಂದ ನಡುವಿನ ತುದಿಗೆ ರೆಸಿಸ್ಟನ್ಸ್ ಅಳೆಯಿರಿ: ರೆಸಿಸ್ಟರ್ ಇರುವ ಪ್ಲಗ್ಗಿನಲ್ಲಿ ಕೆಲವು ಸಾವಿರ ಓಮ್, ಸಾಮಾನ್ಯವಾಗಿ 5,000ದ ಆಸುಪಾಸು ತೋರಿಸಬೇಕು. ಸೊನ್ನೆ ತೋರಿಸಿದರೆ ಒಳಗೆ ರೆಸಿಸ್ಟರೇ ಇಲ್ಲ.

ಕೈಗೆ ಬೇಕಾದ ಸಾಮಾನು

16 ಮಿ.ಮೀ.ನ ಪ್ಲಗ್ ಸಾಕೆಟ್, ಅಂಗಡಿಯಲ್ಲಿ ‘ಪ್ಲಗ್ ಗೋಟಿ’ ಎಂದು ಕೇಳಿ. ಕೆಲವು ಗಾಡಿಗಳಿಗೆ 14 ಮಿ.ಮೀ.ನದು ಬೇಕಾಗುತ್ತದೆ. ಒಳಗೆ ರಬ್ಬರ್ ಬಳೆಯೋ ಅಯಸ್ಕಾಂತವೋ ಇರುವ ಸಾಕೆಟ್ಟೇ ಬೇಕು, ಇಲ್ಲದಿದ್ದರೆ ಬಿಚ್ಚಿದ ಪ್ಲಗ್ ಗುಂಡಿಯಲ್ಲೇ ಉಳಿಯುತ್ತದೆ. ಜತೆಗೆ ರ‍್ಯಾಚೆಟ್, 250 ಮಿ.ಮೀ. ಎಕ್ಸ್‌ಟೆನ್ಷನ್, ಕಾಯಿಲ್ ಮತ್ತು ಬ್ಯಾಟರಿಗೆ 10 ನಂಬರ್ ಪಾನಾ, ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್, ಟಾರ್ಚು, ಹಳೇ ಪೇಂಟ್ ಬ್ರಷ್, ಬಟ್ಟೆ, ವಿದ್ಯುತ್ ಹರಿಯಗೊಡದ ಡೈಎಲೆಕ್ಟ್ರಿಕ್ ಗ್ರೀಸ್, ಗೇಣುದ್ದದ ರಬ್ಬರ್ ಪೆಟ್ರೋಲ್ ಪೈಪಿನ ತುಂಡು. ಈ ಪೈಪ್ ಪ್ಲಗ್ಗಿನ ತಲೆಗೆ ಬಿಗಿಯಾಗಿ ಸಿಕ್ಕಿಕೊಳ್ಳುವಂತಿರಬೇಕು. ಇಡೀ ಪಟ್ಟಿಯಲ್ಲಿ ಅತ್ಯಂತ ಅಗ್ಗದ ವಸ್ತು ಇದು, ಎಂಜಿನ್ ಉಳಿಸುವುದೂ ಇದೇ.

ಬಿಗಿಯುವ ಬಲ ಅಳೆದು ತೋರಿಸುವ ಟಾರ್ಕ್ ರೆಂಚ್ ಇದ್ದರೆ ಒಳ್ಳೆಯದು. ಆದರೆ ಟೈರ್ ನಟ್ಟಿನ ದೊಡ್ಡ ರೆಂಚ್ ತಂದು 25 ನ್ಯೂಟನ್ ಮೀಟರ್ ಅಳೆಯಲು ಹೋಗಬೇಡಿ, ಕೆಳಗಿನ ಅಂಚಿನಲ್ಲಿ ಅದರ ಅಳತೆ ನಂಬುವಂತಿರುವುದಿಲ್ಲ. ಗಾಳಿ ಹೊಡೆಯಲು ಸಿಗರೇಟ್ ಸಾಕೆಟ್ಟಿಗೆ ಸಿಗಿಸುವ ಟೈರ್ ಪಂಪ್ ಸಾಕು. ಅದನ್ನು ಬ್ಯಾಟರಿ ಬಿಚ್ಚಿರುವ ನಿಮ್ಮ ಗಾಡಿಗಲ್ಲ, ಪಕ್ಕದ ಗಾಡಿಗೆ ಸಿಗಿಸಬೇಕು, ಅಷ್ಟೆ.

ಬಿಚ್ಚುವ ಮುನ್ನ

ಎಂಜಿನ್ ಪೂರ್ತಿ ತಣ್ಣಗಿರಲಿ. ರಾತ್ರಿ ನಿಲ್ಲಿಸಿದ ಗಾಡಿಗೆ ಬೆಳಿಗ್ಗೆ ಕೈ ಹಾಕುವುದು ಎಲ್ಲಕ್ಕಿಂತ ಒಳ್ಳೆಯದು, ಕಡಿಮೆ ಎಂದರೂ ಮೂರು ಗಂಟೆ ಬಿಡಿ. ಕೈ ಸುಡುತ್ತದೆ ಎಂಬುದಷ್ಟೇ ಅಲ್ಲ: ಎಂಜಿನ್ ಹೆಡ್ ಅಲ್ಯುಮಿನಿಯಮ್ಮಿನದು, ಪ್ಲಗ್ ಉಕ್ಕಿನದು. ಬಿಸಿಯಲ್ಲಿ ಮೆತ್ತಗಿರುವ ಅಲ್ಯುಮಿನಿಯಮ್ಮಿನಿಂದ ಪ್ಲಗ್ ತಿರುಗಿಸಿದರೆ ಥ್ರೆಡ್ ಕಿತ್ತು ಬರುತ್ತದೆ.

ಜಾಗ ಬಯಲಿನಲ್ಲಿರಲಿ. ಸಿಎನ್‌ಜಿ ಗಾಳಿಗಿಂತ ಹಗುರ. ಸೋರಿದರೆ ಕಟ್ಟಡದಡಿಯ ಪಾರ್ಕಿಂಗಿನ ಚಾವಣಿಗೆ ಹೋಗಿ ಕೂರುತ್ತದೆ. ಸೊಸೈಟಿಯ ಅಂಗಳದಲ್ಲಿ ರಿಪೇರಿಗೆ ತಕರಾರು ಬರುವುದುಂಟು, ಆದರೆ ಇದರಲ್ಲಿ ಆಯಿಲ್ ಚೆಲ್ಲುವುದಿಲ್ಲ, ಬಡಿತದ ಸದ್ದಿಲ್ಲ. ವಾಚ್‌ಮನ್‌ಗೆ ಮೊದಲೇ ಹೇಳಿಟ್ಟರೆ ಆಯಿತು. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರದ ಎರಡೂ ಬದಿಗೆ ಇಟ್ಟಿಗೆ ಕೊಡಿ. ಸಿಎನ್‌ಜಿ ಸಿಲಿಂಡರಿನ ಕೈವಾಲ್ವ್ ಮುಚ್ಚಿ. ಕೀ ತೆಗೆದು, ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ ತಂತಿಗೆ ಬಟ್ಟೆ ಸುತ್ತಿ ಪಕ್ಕಕ್ಕಿಡಿ. ಗ್ಯಾಸಿನ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ.

ಇಂಥ ಗಾಡಿಗಳಲ್ಲಿ ಎಂಜಿನ್ ಇರುವುದು ಸಾಮಾನ್ಯವಾಗಿ ಸೀಟಿನ ಕೆಳಗೆ. ಸೀಟಿನ ಲಾಕ್ ಬಿಡಿಸಿ, ಎತ್ತಿ, ಆನಿಕೆ ಕೊಟ್ಟು ನಿಲ್ಲಿಸಿ. ಬರೀ ಕೈಯಲ್ಲಿ ಹಿಡಿಯಲು ಹುಡುಗನೊಬ್ಬನನ್ನು ನಿಲ್ಲಿಸುವ ಪದ್ಧತಿ ಬೇಡ, ಅವನು ಫೋನ್ ನೋಡುತ್ತಾನೆ. ಎಲ್ಲಕ್ಕೂ ಮೊದಲು ಕಾಯಿಲ್, ತಂತಿ, ಕ್ಲಿಪ್ಪುಗಳ ಫೋಟೊ ತೆಗೆದುಕೊಳ್ಳಿ.

ಬಿಚ್ಚುವುದು

ಒಂದು ಸಿಲಿಂಡರಿನ ಕೆಲಸ ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗಿ. ಪ್ಲಗ್ ತಂತಿ ಇರುವ ಎಂಜಿನ್ನಿನಲ್ಲಿ ಇದು ಕಡ್ಡಾಯ. ಎಲ್ಲ ತಂತಿ ಒಟ್ಟಿಗೆ ಕಿತ್ತರೆ ಯಾವುದು ಯಾವ ಸಿಲಿಂಡರಿನದು ಎಂದು ತಿಳಿಯದೆ ಗಾಡಿ ಸೈಲೆನ್ಸರಿನಲ್ಲಿ ಪಟಾಕಿ ಹೊಡೆಯುತ್ತದೆ. ತಂತಿಯನ್ನು ಹಿಡಿದು ಎಳೆಯಬಾರದು, ತುದಿಯ ರಬ್ಬರ್ ಬೂಟನ್ನು ಹಿಡಿದು ತಿರುಚಿ ಎಳೆಯಬೇಕು.

ಪ್ಲಗ್ಗಿನ ನೆತ್ತಿಗೇ ಕಾಯಿಲ್ ಕೂತಿರುವ ಎಂಜಿನ್ನಿನಲ್ಲಿ ಮೊದಲು ಕನೆಕ್ಟರ್ ಬಿಡಿಸಿ. ಎಂಜಿನ್ನಿನ ಶಾಖಕ್ಕೆ ಅದರ ಪ್ಲಾಸ್ಟಿಕ್ ನಾಲಗೆ ಹಪ್ಪಳದಂತಾಗಿರುತ್ತದೆ. ಕನೆಕ್ಟರನ್ನು ಒಮ್ಮೆ ಒಳಕ್ಕೆ ತಳ್ಳಿ, ನಾಲಗೆ ಒತ್ತಿ, ಆಮೇಲೆ ಎಳೆದರೆ ಮುರಿಯುವುದಿಲ್ಲ. 10 ನಂಬರ್ ಬೋಲ್ಟ್ ತೆಗೆದು, ಕಾಯಿಲನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಚಿ ನೇರ ಮೇಲಕ್ಕೆ ಎತ್ತಿ.

ಈಗ ಪ್ಲಗ್ ಕೂತಿರುವ ಗುಂಡಿಯೊಳಗೆ ಟಾರ್ಚ್ ಬಿಡಿ. ಅವಸರ ಮಾಡುವವರು ತಪ್ಪುವುದು ಇಲ್ಲಿಯೇ. ಗುಂಡಿಯಲ್ಲಿ ಮರಳು, ಎಲೆಯ ಚೂರು, ತುಕ್ಕಿನ ಪುಡಿ ಇರುತ್ತದೆ. ಪ್ಲಗ್ ಎತ್ತಿದ ಕ್ಷಣ ಅದು ನೇರ ಸಿಲಿಂಡರಿಗೆ ಬಿದ್ದು ಗೋಡೆಗೆ ಗೀರು ಹಾಕುತ್ತದೆ. ಬ್ರಷ್ಷಿನಿಂದ ಸಡಿಲ ಮಾಡಿ ಗಾಳಿ ಹೊಡೆಯಿರಿ, ಕಣ್ಣಿಗೆ ಕನ್ನಡಕವಿರಲಿ. ಮಳೆಗಾಲದಲ್ಲಿ ಮೊಣಕಾಲುದ್ದ ನೀರಿನಲ್ಲಿ ಓಡಿದ ಗಾಡಿಯಾದರೆ ಗುಂಡಿಯಲ್ಲಿ ನೀರು ನಿಂತಿರಬಹುದು. ಕಿಡಿ ತುದಿಗೆ ಹೋಗದೆ ನೀರಿನ ದಾರಿಯಲ್ಲೇ ಹೆಡ್ಡಿಗೆ ಇಳಿದು ಮಿಸ್ಸಿಂಗ್ ಬರುತ್ತದೆ. ನೀರಾಗಲಿ ಆಯಿಲಾಗಲಿ, ಕಡ್ಡಿಗೆ ಸುತ್ತಿದ ಬಟ್ಟೆಯಿಂದ ಪೂರ್ತಿ ಹೀರಿ ತೆಗೆಯುವವರೆಗೆ ಪ್ಲಗ್ ಮುಟ್ಟಬೇಡಿ. ಗುಂಡಿಯಲ್ಲಿ ಆಯಿಲ್ ಇದ್ದರೆ ಎಂಜಿನ್ನಿನ ಮೇಲ್ಮುಚ್ಚಳವಾದ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಅಥವಾ ಗುಂಡಿಯ ಸುತ್ತಲಿನ ಸೀಲ್ ಹೋಗಿದೆ ಎಂದರ್ಥ. ಅದನ್ನು ಸರಿಮಾಡಿಸದಿದ್ದರೆ ಹೊಸ ಕಾಯಿಲಿನ ರಬ್ಬರೂ ಊದಿ ಹಾಳಾಗುತ್ತದೆ.

ಸಾಕೆಟ್ ನೇರವಾಗಿ ಇಳಿಸಿ, ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ. ಸಾಕೆಟ್ ಓರೆಯಾದರೆ ಪಿಂಗಾಣಿ ಸೀಳುತ್ತದೆ. ‘ಟಕ್’ ಎಂದು ಬಿಟ್ಟುಕೊಂಡ ಮೇಲೆ ಸಲೀಸಾಗಿ ತಿರುಗಬೇಕು. ಅರ್ಧ ಸುತ್ತು ಬಂದು ಮತ್ತೆ ಬಿಗಿಯಾದರೆ ಬಲ ಹಾಕಬೇಡಿ: ಎರಡು ಹನಿ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು, ಅರ್ಧ ಗಂಟೆ ಕಾದು, ಸ್ವಲ್ಪ ಒಳಕ್ಕೆ ಸ್ವಲ್ಪ ಹೊರಕ್ಕೆ ಆಡಿಸುತ್ತ ತೆಗೆಯಿರಿ. ಗೋವಾದ ಕರಾವಳಿಯ ಉಪ್ಪುಗಾಳಿಯಲ್ಲಿ ನಿಲ್ಲುವ ಗಾಡಿಗಳಲ್ಲಿ ಷಟ್ಕೋನಕ್ಕೆ ತುಕ್ಕು ಹಿಡಿದು ಸಾಕೆಟ್ ಜಾರುವುದುಂಟು. ಎಷ್ಟು ಮಾಡಿದರೂ ಜಗ್ಗದ ಪ್ಲಗ್ಗನ್ನು ಗ್ಯಾರೇಜಿಗೆ ಬಿಡುವುದೇ ಜಾಣತನ. ಮುರಿದ ಪ್ಲಗ್ ತೆಗೆಯುವುದು ಅಂಗಳದ ಕೆಲಸವಲ್ಲ.

ಹಳೇ ಪ್ಲಗ್ ಏನು ಹೇಳುತ್ತದೆ

ತೆಗೆದ ಪ್ಲಗ್ಗುಗಳನ್ನು ರಟ್ಟಿನ ಮೇಲೆ 1, 2, 3, 4 ಎಂದು ಬರೆದು ಸಾಲಾಗಿ ಇಡಿ. ವಾಷರ್ ಜತೆಗೇ ಬಂದಿದೆಯೇ ನೋಡಿ. ಗುಂಡಿಯಲ್ಲೇ ಉಳಿದಿದ್ದರೆ ಅಯಸ್ಕಾಂತದ ಕಡ್ಡಿಯಿಂದ ಎತ್ತಬೇಕು. ಅದರ ಮೇಲೆ ಹೊಸ ಪ್ಲಗ್ ಕೂತರೆ ಎರಡು ವಾಷರ್ ಆಗಿ ಗಾಳಿ ಸೋರುತ್ತದೆ.

ಪೆಟ್ರೋಲಿನಲ್ಲಿ ಓಡಿದ ಪ್ಲಗ್ಗಿನ ತುದಿ ತಿಳಿ ಚಹಾದ ಬಣ್ಣಕ್ಕಿದ್ದರೆ ಎಲ್ಲವೂ ಸರಿ. ಸಿಎನ್‌ಜಿಯಲ್ಲಿ ಮಸಿ ಕಡಿಮೆ, ಹಾಗಾಗಿ ಬೂದು ಬಿಳುಪು ಸಹಜ. ಅದನ್ನು ನೋಡಿ ‘ಎಂಜಿನ್ ಕಾಯುತ್ತಿದೆ’ ಎಂದು ಗಾಬರಿಯಾಗಬೇಕಿಲ್ಲ. ಆದರೆ ಬಿಳುಪಿನ ಜತೆ ಗುಳ್ಳೆ ಎದ್ದಿದ್ದರೆ, ಎಲೆಕ್ಟ್ರೋಡ್ ಕರಗಿದಂತಿದ್ದರೆ ನಿಜಕ್ಕೂ ಕಾಯುತ್ತಿದೆ. ಒಣ ಕರಿ ಮಸಿ ಇದ್ದರೆ ಇಂಧನ ಹೆಚ್ಚು, ಗಾಳಿ ಕಡಿಮೆ: ಏರ್ ಫಿಲ್ಟರ್ ಬಿಚ್ಚಿ ನೋಡಿ. ಜಿಡ್ಡುಜಿಡ್ಡಾದ ಕಪ್ಪು ಎಂದರೆ ವಾಲ್ವ್ ಸೀಲಿನಿಂದಲೋ ಪಿಸ್ಟನ್ ರಿಂಗಿನಿಂದಲೋ ಆಯಿಲ್ ಬರುತ್ತಿದೆ. ಹೊಸ ಪ್ಲಗ್ ಕೆಲವು ದಿನದ ಸಮಾಧಾನ ಮಾತ್ರ. ನಾಲ್ಕರಲ್ಲಿ ಒಂದು ಮಾತ್ರ ಬೇರೆ ಬಣ್ಣಕ್ಕಿದ್ದರೆ ತೊಂದರೆ ಆ ಸಿಲಿಂಡರಿನದೇ. ಪಿಂಗಾಣಿಯ ಬುಡದಲ್ಲಿ ಲೋಹಕ್ಕೆ ತಾಗಿದಂತೆ ಕಾಣುವ ಕಂದು ಉಂಗುರ ಸೋರಿಕೆಯ ಗುರುತಲ್ಲ, ಹೆಚ್ಚಿನ ವೋಲ್ಟೇಜಿಗೆ ಗಾಳಿಯ ಎಣ್ಣೆಕಣ ಅಂಟಿ ಆದ ಕಲೆ.

ಗ್ಯಾಪ್

ಹೊಸ ಪ್ಲಗ್ಗಿನ ಗ್ಯಾಪ್ ಪೆಟ್ಟಿಗೆಯಿಂದಲೇ ಸರಿಯಾಗಿ ಬರುತ್ತದೆ ಎಂದು ನಂಬಿ ಹಾಕುವುದು ಬೇಡ. ಸಾಗಣೆಯಲ್ಲಿ ಒಮ್ಮೆ ಬಿದ್ದರೆ ಸಾಕು, ಮುಚ್ಚಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 0.8ರಿಂದ 1.1 ಮಿ.ಮೀ. ಹೊರಗಿನಿಂದ ಸಿಎನ್‌ಜಿ ಕಿಟ್ ಹಾಕಿಸಿದ ಗಾಡಿಯಲ್ಲಿ 0.7ರಿಂದ 0.8ಕ್ಕೆ ಇಳಿಸಿದರೆ ಅದೇ ಕಾಯಿಲ್ ಭಾರದಲ್ಲೂ ಕಿಡಿ ಹಾರಿಸಬಲ್ಲದು. ಕಂಪನಿಯಿಂದಲೇ ಸಿಎನ್‌ಜಿ ಬಂದ ಗಾಡಿಗೆ ಮ್ಯಾನ್ಯುಯಲಿನ ಅಂಕಿಯೇ ಅಂತಿಮ. 0.6ಕ್ಕಿಂತ ಕೆಳಗಿಳಿಸಿದರೆ ಕಿಡಿ ತೀರ ಸಣ್ಣದಾಗಿ ಐಡಲ್, ಎಂದರೆ ಎಕ್ಸಲರೇಟರ್ ಒತ್ತದೆ ನಿಂತಲ್ಲೇ ಓಡುವ ಎಂಜಿನ್, ನಡುಗುತ್ತದೆ.

ಗೇಜಿನ ಎಲೆ ಸಂದಿನಲ್ಲಿ ತುಸು ಉಜ್ಜಿಕೊಂಡು ಓಡಾಡಬೇಕು. ಹೆಚ್ಚಿದ್ದರೆ ಮೇಲಿನ ಪಟ್ಟಿಯನ್ನು ಮರದ ಮೇಲೆ ಮೆಲ್ಲಗೆ ತಟ್ಟಿ, ಕಡಿಮೆಯಿದ್ದರೆ ಪಟ್ಟಿಯನ್ನಷ್ಟೇ ಹಿಡಿದು ಎತ್ತಿ. ನಡುವಿನ ಎಲೆಕ್ಟ್ರೋಡಿಗೆ ಮೀಟು ಹಾಕಿದರೆ ಪಿಂಗಾಣಿ ಒಳಗೇ ಬಿರುಕು ಬಿಡುತ್ತದೆ, ಹೊರಗೆ ಕಾಣುವುದೇ ಇಲ್ಲ. ಇರಿಡಿಯಂನ ಸೂಜಿತುದಿಗೆ ಗೇಜ್ ಒತ್ತಲೂಬಾರದು. ಕೈತಪ್ಪಿ ಸಿಮೆಂಟ್ ನೆಲಕ್ಕೆ ಬಿದ್ದ ಪ್ಲಗ್ಗನ್ನು ಹೊಟ್ಟೆ ಉರಿದರೂ ಎಸೆದುಬಿಡಿ.

ಕೂರಿಸುವುದು

ಇಡೀ ಕೆಲಸದ ಪ್ರಾಣ ಇಲ್ಲಿದೆ. ರಬ್ಬರ್ ಪೈಪಿನ ತುದಿಗೆ ಪ್ಲಗ್ ಸಿಗಿಸಿ ಗುಂಡಿಗೆ ಇಳಿಸಿ. ಮೊದಲು ಉಲ್ಟಾ ತಿರುಗಿಸಿ. ಥ್ರೆಡ್ಡಿನ ತುದಿಗಳು ಒಂದನ್ನೊಂದು ದಾಟಿದಾಗ ‘ಟಿಕ್’ ಎಂದು ಪ್ಲಗ್ ತುಸು ಇಳಿದದ್ದು ಬೆರಳಿಗೆ ಗೊತ್ತಾಗುತ್ತದೆ. ಆಗ ಸುಲ್ಟಾ, ಎಂದರೆ ಗಡಿಯಾರದ ದಿಕ್ಕಿಗೆ ತಿರುಗಿಸಿ. ಐದಾರು ಸುತ್ತು ಬರೀ ಬೆರಳಿನ ಬಲದಲ್ಲಿ ಹೋಗಬೇಕು. ಓರೆ ಹತ್ತಿದ್ದರೆ ಪೈಪೇ ಜಾರಿ ನಿಲ್ಲುತ್ತದೆ, ಥ್ರೆಡ್ಡಿಗೆ ಏನೂ ಆಗುವುದಿಲ್ಲ. ರ‍್ಯಾಚೆಟ್ಟಿನಲ್ಲಿ ಶುರು ಮಾಡಿದರೆ ಉಕ್ಕಿನ ಪ್ಲಗ್ ಅಲ್ಯುಮಿನಿಯಮ್ಮನ್ನು ಬೆಣ್ಣೆಯಂತೆ ಕೊರೆದುಕೊಂಡು ಹೋಗುತ್ತದೆ, ನಿಮಗೆ ‘ಸ್ವಲ್ಪ ಬಿಗಿ ಇದೆ’ ಅನ್ನಿಸುತ್ತದೆ ಅಷ್ಟೆ. ಗ್ಯಾರೇಜಿನಲ್ಲಿ ‘ಚೂಡಿ (ಥ್ರೆಡ್) ಹೋಗಿದೆ’ ಎಂದು ಹೇಳಿಸಿಕೊಂಡ ಮೇಲೆ ಹೆಲಿಕಾಯಿಲ್ ಎಂಬ ಹೊಸ ಥ್ರೆಡ್ಡಿನ ಸುರುಳಿ ಹಾಕಿಸುವುದೊಂದೇ ದಾರಿ.

ಥ್ರೆಡ್ಡಿಗೆ ಗ್ರೀಸ್, ಎಂಜಿನ್ ಆಯಿಲ್ ಹಚ್ಚುವ ಅಭ್ಯಾಸ ಹಲವರಿಗಿದೆ. ಹೊಸ ಪ್ಲಗ್ಗಿಗೆ ಲೇಪ ಬಂದೇ ಇರುತ್ತದೆ, ಏನೂ ಬೇಡ. ಜಾರುವ ಥ್ರೆಡ್ಡಿನಲ್ಲಿ ಅದೇ ಟಾರ್ಕಿಗೆ ಪ್ಲಗ್ ಹೆಚ್ಚು ಬಿಗಿದುಕೊಳ್ಳುತ್ತದೆ, ಎಳೆದುಕೊಂಡು ತುಂಡಾಗಲೂಬಹುದು.

ವಾಷರ್ ಇರುವ 14 ಮಿ.ಮೀ. ಪ್ಲಗ್ಗಿಗೆ ಅಲ್ಯುಮಿನಿಯಂ ಹೆಡ್ಡಿನಲ್ಲಿ 25ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ. ಪ್ಲಗ್ಗಿಗೆ 15ರಿಂದ 20. ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಸರಿ. ಟಾರ್ಕ್ ರೆಂಚ್ ಇಲ್ಲದಿದ್ದರೆ ಬೆರಳಿನಲ್ಲಿ ನಿಂತ ಜಾಗದಿಂದ ಅರ್ಧ ಸುತ್ತಿನಿಂದ ಮುಕ್ಕಾಲಿಗೆ ಮುಟ್ಟದಷ್ಟು, ಪೆಟ್ಟಿಗೆಯ ಮೇಲೆ ಚಿತ್ರವಿರುತ್ತದೆ. ಹೊಸ ವಾಷರ್ ಅಪ್ಪಚ್ಚಿಯಾಗುವುದು ಕೈಗೆ ಮೆತ್ತಗೆ ತಿಳಿಯುತ್ತದೆ, ಆಮೇಲೆ ಒಮ್ಮೆಲೇ ಗಟ್ಟಿಯಾಗುತ್ತದೆ. ಹಳೇ ಪ್ಲಗ್ಗನ್ನೇ ಮರಳಿ ಹಾಕುತ್ತಿದ್ದರೆ ವಾಷರ್ ಆಗಲೇ ಚಪ್ಪಟೆ. ಸುತ್ತಿನ ಹನ್ನೆರಡನೇ ಒಂದು ಪಾಲು ಸಾಕು. ಒಂದಡಿ ಉದ್ದದ ಹಿಡಿಯ ತುದಿಗೆ ಎಂಟು ಕಿಲೋ ಒತ್ತಿದರೆ 25 ನ್ಯೂಟನ್ ಮೀಟರ್ ಹತ್ತಿರ ಬರುತ್ತದೆ. ಮೈಭಾರ ಹಾಕುವ ಮಾತೇ ಇಲ್ಲ. ಹಾಗೆಂದು ಸಡಿಲ ಬಿಟ್ಟರೂ ತಪ್ಪೇ: ಪ್ಲಗ್ಗಿನ ಶಾಖ ಬಹುಪಾಲು ಥ್ರೆಡ್ ಮತ್ತು ವಾಷರಿನ ಮೂಲಕವೇ ಹೆಡ್ಡಿಗೆ ಇಳಿಯಬೇಕು, ಸಡಿಲವಿದ್ದರೆ ಕಾದು ಕೆಂಪಗಾಗುತ್ತದೆ.

ಕಾಯಿಲಿನ ರಬ್ಬರ್ ಬೂಟಿನ ಒಳಬಾಯಿಗೆ ಹೆಸರುಕಾಳಿನಷ್ಟು ಡೈಎಲೆಕ್ಟ್ರಿಕ್ ಗ್ರೀಸ್ ಸವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಒಳಗೆ ಹೋಗದಂತೆ ಇದು ತಡೆಯುತ್ತದೆ, ಮುಂದಿನ ಸಲ ಬೂಟ್ ಹರಿಯದೆ ಬಿಡಿಸಲೂ ಸುಲಭ. ಬೂಟಿನಲ್ಲಿ ಬಿರುಕು ಅಥವಾ ಸುಟ್ಟ ಬಿಳಿ ಗೆರೆ ಕಂಡರೆ ಬೂಟೇ ಬದಲಾಗಬೇಕು. ಕಾಯಿಲ್ ಒತ್ತಿ ಕೂರಿಸಿ, ಬೋಲ್ಟನ್ನು ಹಗುರವಾಗಿ ಬಿಗಿದು, ಕನೆಕ್ಟರ್ ‘ಕ್ಲಿಕ್’ ಎನ್ನುವವರೆಗೆ ತಳ್ಳಿ.

ಸ್ಟಾರ್ಟ್ ಮಾಡಿದ ಮೇಲೆ

ಸಾಮಾನು ಎಣಿಸಿ ನೋಡಿ, ಎಂಜಿನ್ ಮೇಲೆ ಬಟ್ಟೆ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು ಬ್ಯಾಟರಿ ಜೋಡಿಸಿ. ಮೊದಲು ಪೆಟ್ರೋಲಿನಲ್ಲಿ ಐದು ನಿಮಿಷ ಐಡಲ್ ಬಿಡಿ. ಬ್ಯಾಟರಿ ತೆಗೆದಿದ್ದರಿಂದ ಆರಂಭದಲ್ಲಿ ಐಡಲ್ ಸ್ವಲ್ಪ ಏರಿಳಿಯಬಹುದು, ತಾನೇ ಸರಿಹೋಗುತ್ತದೆ. ‘ಚಸ್ ಚಸ್’ ಎಂಬ ಸದ್ದು ಬಂದರೆ ಯಾವುದೋ ಪ್ಲಗ್ ಸಡಿಲ. ಎಂಜಿನ್ ಆರಿಸಿ, ತಣಿಯಲು ಬಿಟ್ಟು ಬಿಗಿಯಿರಿ. ಆಮೇಲೆ ಸಿಎನ್‌ಜಿ ವಾಲ್ವನ್ನು ನಿಧಾನ ತೆರೆದು, ಕೈ ತಾಗಿದ ಗ್ಯಾಸ್ ಜೋಡಣೆಗಳಿಗೆ ಸೋಪಿನ ನೀರು ಸವರಿ ಗುಳ್ಳೆ ಬರುತ್ತದೆಯೇ ನೋಡಿ, ಗ್ಯಾಸಿಗೆ ಬದಲಾಯಿಸಿ.

ಮಿಸ್ಸಿಂಗ್ ಇನ್ನೂ ಇದ್ದರೆ ಪ್ಲಗ್ಗಿಗೆ ಮತ್ತೆ ದುಡ್ಡು ಸುರಿಯಬೇಡಿ. ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಓಬಿಡಿ ಸ್ಕ್ಯಾನರಿನಲ್ಲಿ ಪಿ0301 ಬಂದರೆ ಒಂದನೇ ಸಿಲಿಂಡರ್, ಪಿ0302 ಎಂದರೆ ಎರಡನೆಯದು, ಹೀಗೆ. ಆ ಸಿಲಿಂಡರಿನ ಕಾಯಿಲನ್ನು ಪಕ್ಕದ್ದರ ಜತೆ ಅದಲುಬದಲು ಮಾಡಿ ಓಡಿಸಿ. ಕೋಡ್ ಕಾಯಿಲಿನ ಹಿಂದೆಯೇ ಹೋದರೆ ಕಾಯಿಲ್ ಕೆಟ್ಟಿದೆ. ಕೋಡ್ ಅಲ್ಲೇ ಉಳಿದರೆ ಇಂಜೆಕ್ಟರ್ ಅಥವಾ ಕಂಪ್ರೆಷನ್. ಸಿಎನ್‌ಜಿ ಗಾಡಿಗಳಲ್ಲಿ ವಾಲ್ವ್ ಸೀಟ್ ಸವೆದು ಟ್ಯಾಪೆಟ್ ಗ್ಯಾಪ್ (ವಾಲ್ವಿನ ಮೇಲಿನ ಸಂದು) ಮುಚ್ಚಿಕೊಳ್ಳುವುದೂ ಉಂಟು, ಅದನ್ನು ಗ್ಯಾರೇಜಿನಲ್ಲಿ ಅಳೆಯಿಸಿ.

ತೆಗೆದ ಪ್ಲಗ್ಗುಗಳಲ್ಲಿ ಚೆನ್ನಾಗಿರುವ ಒಂದನ್ನು ಸಾಕೆಟ್ ಮತ್ತು ಪೈಪಿನ ತುಂಡಿನ ಜತೆ ಸೀಟಿನಡಿ ಇಟ್ಟುಕೊಳ್ಳಿ. ಎಂಜಿನ್ ಮುಚ್ಚಳದ ಒಳಬದಿಗೆ ಮಾರ್ಕರಿನಲ್ಲಿ ತಾರೀಕು, ಕಿಲೋಮೀಟರ್, ಪ್ಲಗ್ಗಿನ ನಂಬರ್ ಮತ್ತು ಇಟ್ಟ ಗ್ಯಾಪ್ ಬರೆದಿಡಿ. ಸಿಎನ್‌ಜಿ ಗಾಡಿಯಾದರೆ 10,000 ಕಿ.ಮೀ.ಗೊಮ್ಮೆ ಬಿಚ್ಚಿ ಗ್ಯಾಪ್ ಅಳೆದಾಗ ಹೋಲಿಸಿ ನೋಡಲು ಆ ಅಂಕಿಯೇ ಬೇಕಾಗುತ್ತದೆ.